ಮೂರು ಊರಿನ ಓರೆ ಕ್ಯಾಮೆರಾ

ಲಾರೆನ್ಸ್, ಮ್ಯಾಸಚೂಸೆಟ್ಸ್
೧೨ ಏಪ್ರಿಲ್ ೨೦೦೯, ಈಸ್ಟರ್ ಭಾನುವಾರ

ಪ್ರೀತಿಯ ಕೊಮಾದ್ರೆ ತೆಲ್ಮಾ,

ಹಬ್ಬದ ಶುಭಾಶಯ. ನಿಮ್ಮ ಒಲೆಯ ಮೇಲೆ ಇವತ್ತು ಸಿಹಿ ಬೀನ್ಸ್ ಪಾಯಸ ಕುದಿಯುತ್ತಿರುತ್ತದೆ. ಇಲ್ಲಿ ನನ್ನ ಕಿಟಕಿಯಾಚೆ ಹಿಮ ಬೀಳುತ್ತಿದೆ. ಏಪ್ರಿಲ್ ತಿಂಗಳಲ್ಲಿ ಹಿಮ! ಅರೆಗಣ್ಣು ಮಾಡಿ ನೋಡಿದರೆ ಬೀದಿಯೆಲ್ಲ ನಮ್ಮ ಲಾಸ್ ಸಲೀನಾಸಿನ ಉಪ್ಪಿನಾಗರದ ಹಾಗೆ ಕಾಣುತ್ತದೆ. ಈಗ ನೀವು ತಲೆಗೆ ಬಟ್ಟೆ ಸುತ್ತಿಕೊಂಡು ಹಲುಬೆ ಹಿಡಿದು ಆ ಮೂಲೆಯಿಂದ ಬರುತ್ತೀರಿ, ‘ಇನ್ನೂ ಹಾಸಿಗೆ ಬಿಟ್ಟಿಲ್ವಾ ಕೊಂಪಾದ್ರೆ’ ಅನ್ನುತ್ತೀರಿ ಅಂದುಕೊಂಡು ಬಹಳ ಹೊತ್ತು ಕೂತಿದ್ದೆ. ಬಂದದ್ದು ಹಿಮ ಗುಡಿಸುವ ಲಾರಿ.

ನಮ್ಮ ಯೆಫ್ರಿಯನ್ನು ಟಿವಿಯಲ್ಲಿ ನೋಡಿದಿರಾ? ಬೇಸ್‌ಬಾಲಿನ ದೊಡ್ಡ ಲೀಗಿನಲ್ಲಿ, ಐದು ದಿನಕ್ಕೊಮ್ಮೆ ಆಟ ಶುರುಮಾಡಿಕೊಡುವ ಎಸೆತಗಾರ! ಎಸೆಯುವ ದಿಬ್ಬದ ಮೇಲೆ ನಿಂತು, ಟೋಪಿ ಸರಿಮಾಡಿಕೊಂಡು, ಅವನಪ್ಪ ಕ್ರಿಸ್ಪಿನ್ ಮಾಡುತ್ತಿದ್ದ ಹಾಗೆಯೇ ಕತ್ತೆತ್ತಿ ಸಮುದ್ರ ಎಲ್ಲಿದೆ ಅಂತ ಹುಡುಕಿದ. ಅವನ ತಂಡದ ಊರಲ್ಲಿ ಇರುವುದು ಬರೀ ಒಂದು ಕೆರೆ, ದೊಡ್ಡದು ಅಷ್ಟೆ. ನಾನು ಅತ್ತುಬಿಟ್ಟೆ. ಕ್ರಿಸ್ಪಿನ್ ಉಪ್ಪಿನವರ ತಂಡಕ್ಕೆ ಚೆಂಡೆಸೆಯುತ್ತಿದ್ದ ಕಾಲದಲ್ಲಿ ಅದನ್ನು ಹಿಡಿಯುತ್ತಿದ್ದವನು ನಾನು. ಇಗರ್ಜಿಯಲ್ಲಿ ಧರ್ಮಪಿತನಾಗಿ, ಅವನ ಪದ್ರೀನೊ ಆಗಿ, ಕೂಸು ಯೆಫ್ರಿಯ ತಲೆ ಹಿಡಿದು ನೀರಿಗೆ ಒಡ್ಡಿದವನೂ ನಾನೇ. ಅವತ್ತಿನಿಂದ ಅವನ ತಾಯಿ ನೀವು ನನಗೆ ಕೊಮಾದ್ರೆ, ನಾನು ನಿಮಗೆ ಕೊಂಪಾದ್ರೆ. ಸತ್ತವನ ಪಾಲಿನ ಸಂತೋಷವನ್ನೂ ನಾನೇ ಪಡಬೇಕಲ್ಲ!

ಶೂ ಕಾರ್ಖಾನೆಯಿಂದ ಬಂದವನು ಕಂಪ್ಯೂಟರ್ ಮುಂದೆ ಏನು ಮಾಡುತ್ತೀರಿ, ಹೆಣ್ಣು ಹುಡುಕುತ್ತಿದ್ದೀರಾ ಅಂತ ಕೇಳಿದ್ದೀರಿ. ಹೆಣ್ಣಲ್ಲ, ಬಾಜಿ. ಈಗ ಇಲ್ಲಿ ಪ್ರತಿ ಮೈದಾನದಲ್ಲೂ ಕ್ಯಾಮೆರಾ ಕೂರಿಸಿದ್ದಾರೆ. ಒಂದೊಂದು ಎಸೆತವೂ ಕೈಯಿಂದ ಎಷ್ಟು ಎತ್ತರದಲ್ಲಿ ಬಿಟ್ಟಿತು, ಎಷ್ಟು ವೇಗ, ಎಷ್ಟು ತಿರುಗಿತು, ಎಲ್ಲವನ್ನೂ ಅಳೆದು ವೆಬ್‌ಸೈಟಿಗೆ ಹಾಕುತ್ತಾರೆ. ಪರದೆ ತುಂಬ ಚುಕ್ಕಿಗಳು, ಸಂಜೆ ದೀಪಕ್ಕೆ ಮುತ್ತುವ ಹುಳುಗಳಂತೆ. ಅವನ್ನು ನೋಡುತ್ತಾ ನೋಡುತ್ತಾ ನನಗೆ ಒಂಥರಾ ಮಂಪರು ಹತ್ತುತ್ತದೆ. ಯಾವ ಎಸೆತಗಾರನ ಚುಕ್ಕಿಗಳು ದಿನದಿನಕ್ಕೆ ಕೆಳಗಿಳಿಯುತ್ತವೋ ಅವನ ತೋಳು ದಣಿದಿದೆ ಅಂತ ಅರ್ಥ, ಅವನ ವಿರುದ್ಧ ಬಾಜಿ ಕಟ್ಟುತ್ತೇನೆ. ಹೆಸರುಗಳಿರುವ ಜಾಗಕ್ಕೆ ಪರದೆಯ ಮೇಲೆ ಒಂದು ಪಟ್ಟಿ ಟೇಪ್ ಅಂಟಿಸಿಬಿಟ್ಟಿದ್ದೇನೆ. ನಮ್ಮ ದ್ವೀಪದ ಹುಡುಗರ ಹೆಸರು ಕಂಡರೆ ಮನಸ್ಸು ಅತ್ತ ವಾಲುತ್ತದೆ, ಲೆಕ್ಕ ಕೆಡುತ್ತದೆ.

ಹೆದರಬೇಡಿ, ಯೆಫ್ರಿಯ ಆಟಗಳನ್ನು ನಾನು ಮುಟ್ಟುವುದಿಲ್ಲ. ಧರ್ಮಪುತ್ರನ ಮೇಲೆ ಬಾಜಿ ಕಟ್ಟುವಷ್ಟು ಕೆಟ್ಟಿಲ್ಲ.

ನಿಮ್ಮ ಕೊಂಪಾದ್ರೆ,
ಎವಾರಿಸ್ತೊ


ಲಾಸ್ ಸಲೀನಾಸ್, ಬಾನಿ
೩ ಮೇ ೨೦೦೯

ಕೊಂಪಾದ್ರೆ ಎವಾರಿಸ್ತೊ,

ನಿಮ್ಮ ಕಾಗದ, ಅದರ ಜೊತೆ ಕಳಿಸಿದ ಶೂ, ಎರಡೂ ಅಮೆರಿಕದಿಂದ ಪೆಟ್ಟಿಗೆ ಸಾಗಿಸುವವನ ಕೈಯಿಂದ ಬಂದವು. ಶೂ ಒಂದು ಕಾಲಿಗೆ ಸರಿಯಾಗಿದೆ, ಇನ್ನೊಂದು ಕಾಲಿಗೆ ಬಿಗಿ. ನಿಮ್ಮ ಕಾರ್ಖಾನೆಯವರು ಮನುಷ್ಯರಿಗೆ ಎರಡು ಕಾಲಿರುವುದನ್ನು ಗಮನಿಸಿದ್ದಾರಾ ಕೇಳಿ.

ಫೋನು ಮಾಡಿ ಅನ್ನುತ್ತೀರಿ. ನಮ್ಮ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ ಅಂತ ನಿಮಗೆ ಗೊತ್ತು. ಬಾಂಕಾ ಅಂಗಡಿಯ ಮುಂದೆ ನಿಂತು ಮಾತಾಡಬೇಕು. ಅಲ್ಲಿ ಬೆಳಿಗ್ಗೆಯಿಂದ ಜನ ಲಾಟರಿ ಸಂಖ್ಯೆ ಆಡುವುದಕ್ಕೆ ಸಾಲು ನಿಂತಿರುತ್ತಾರೆ. ನನ್ನ ಮಾತು ಮುಗಿಯುವ ಮೊದಲೇ ಅರ್ಧ ಊರು ಅದನ್ನು ಸಂಖ್ಯೆ ಮಾಡಿ ಆಡಿರುತ್ತದೆ. ಕಾಗದವೇ ವಾಸಿ.

ಯೆಫ್ರಿ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಊಟ ಮಾಡಿದೆಯಾ ಅಂದರೆ ಮಾಡಿದೆ, ನಿದ್ದೆ ಬರುತ್ತಾ ಅಂದರೆ ಬರುತ್ತೆ. ಚೆನ್ನಾಗಿದ್ದಾನೆ ಅಂತಲೇ ಇಟ್ಟುಕೊಳ್ಳೋಣ.

ಒಂದು ಕನಸು ಬಿತ್ತು, ಅದನ್ನು ಹೇಳಬೇಕು. ಬಾಂಕಾ ಮುಂದೆ ಹೇಳಿಲ್ಲ, ನಿಮಗೇ ಮೊದಲು. ಉಪ್ಪಿನಾಗರ ಗುಲಾಬಿ ಬಣ್ಣಕ್ಕೆ ತಿರುಗಿದ ಹೊತ್ತು. ನೀರು ಅಲುಗಾಡುತ್ತಿಲ್ಲ, ಆಕಾಶವೇ ಕೆಳಗೆ ಬಿದ್ದುಕೊಂಡ ಹಾಗಿದೆ. ಅದರ ನಡುವೆ ಯೆಫ್ರಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದಾನೆ. ಬಲ ಮೊಣಕೈ ಸುತ್ತ ಉಪ್ಪು ಗಟ್ಟಿಯಾಗಿ ಹತ್ತಿಕೊಂಡಿದೆ, ಕಲ್ಲಿನಷ್ಟು ಗಟ್ಟಿ. ತೋಳು ಮಡಚುವುದಕ್ಕೇ ಆಗುತ್ತಿಲ್ಲ. ನಾನು ಕೆರೆದು ತೆಗೆಯಲು ಹೋದರೆ, ‘ಬಿಡಮ್ಮ, ಯಾರಿಗೂ ಹೇಳ್ಬೇಡ’ ಅಂದ.

ಅಷ್ಟೇ ಕನಸು. ನೀವು ಅವನ ಚುಕ್ಕಿಗಳನ್ನೆಲ್ಲ ನೋಡುತ್ತೀರಲ್ಲ, ತೋಳು ಸರಿಯಾಗಿದೆಯಾ ಒಮ್ಮೆ ನೋಡಿ ಹೇಳಿ. ಮರೆಯಬೇಡಿ. ತಮಾಷೆಗೆ ಹೇಳುತ್ತಿಲ್ಲ.

ತೆಲ್ಮಾ


ಲಾರೆನ್ಸ್
೨೦ ಮೇ ೨೦೦೯

ಕೊಮಾದ್ರೆ,

ಎಂಥ ಕನಸು ಅದು! ಓದಿದಾಗಿನಿಂದ ನನ್ನ ತಲೆಯೊಳಗೂ ಆ ಗುಲಾಬಿ ನೀರು ತುಂಬಿಕೊಂಡಿದೆ. ಕಾರ್ಖಾನೆಯಲ್ಲಿ ಶೂ ಅಡಿಗೆ ಅಂಟು ಬಳಿಯುವಾಗಲೂ ಯೆಫ್ರಿ ಅದರ ನಡುವೆ ನಿಂತೇ ಇದ್ದಾನೆ.

ನೀವು ಯಾಕೆ ಹೆದರಿದಿರೋ ಗೊತ್ತಾಗಲಿಲ್ಲ. ರಾಜಧಾನಿಯವರು, ಸಾಂತಿಯಾಗೊದವರು ಉಪ್ಪು ಕಂಡರೆ ಅಪಶಕುನ ಅನ್ನಲಿ. ಅವರ ಮನೆಯಲ್ಲಿ ಉಪ್ಪು ಡಬ್ಬಿಯಲ್ಲಿರುತ್ತದೆ. ನಮಗೆ ಉಪ್ಪು ಅಂದರೆ ಅನ್ನ. ನಮ್ಮ ಅಜ್ಜಿಯರು ಉಪ್ಪು ಕನಸಿಗೆ ಬಂದರೆ ಹೊಸ ಬಟ್ಟೆ ಹೊಲಿಯಲು ಕೊಡುತ್ತಿರಲಿಲ್ಲವೇ? ಕ್ರಿಸ್ಪಿನ್ ನಿಮ್ಮನ್ನು ಕೇಳಲು ಬಂದ ಹಿಂದಿನ ದಿನ ನಿಮ್ಮ ತಾಯಿಗೆ ಉಪ್ಪಿನ ರಾಶಿ ಕಂಡಿತ್ತು, ನೀವೇ ಹೇಳಿದ್ದು. ತೋಳಿಗೆ ಉಪ್ಪು ಹತ್ತಿದೆ ಅಂದರೆ ಆ ತೋಳು ದುಡಿದು ತರುತ್ತದೆ ಅಂತ.

ತೋಳು ಸರಿಯಾಗಿದೆ. ಚೆನ್ನಾಗಿ ನೋಡಿದ್ದೇನೆ. ಒಂದು ಊರಿನ ಮೈದಾನದಲ್ಲಿ ಮಾತ್ರ ಚುಕ್ಕಿಗಳು ಸ್ವಲ್ಪ ಕೆಳಗಿದ್ದವು, ಅದು ಕ್ಯಾಮೆರಾ ಓರೆಯಾಗಿರುವುದರಿಂದ. ಹೀಗೆ ಆಗುತ್ತಿರುತ್ತದೆ, ನಮ್ಮಂಥವರಿಗೆಲ್ಲ ಗೊತ್ತಿರುವ ವಿಷಯ. ಅದನ್ನು ನಾನು ಲೆಕ್ಕದಲ್ಲಿ ನೇರ ಮಾಡಿಕೊಂಡೆ. ನೇರ ಮಾಡಿದ ಮೇಲೆ ಎಲ್ಲ ಚೊಕ್ಕ. ನೆಮ್ಮದಿಯಾಗಿ ನಿದ್ದೆ ಮಾಡಿ.

ನಿಮ್ಮ ಕನಸನ್ನು ನಂಬಿ ಒಂದು ಸಣ್ಣ ಸಾಹಸ ಮಾಡಿದ್ದೇನೆ. ಈಗ ಹೇಳಿದರೆ ಬೈಯುತ್ತೀರಿ. ಬೇಸಿಗೆ ಮುಗಿಯಲಿ, ನಿಮ್ಮ ಮನೆಯ ತಗಡು ಕಿತ್ತು ಕಾಂಕ್ರೀಟ್ ಚಾವಣಿ ಹಾಕಿಸುವಾಗ ಹೇಳುತ್ತೇನೆ.

ಎವಾರಿಸ್ತೊ


ಲಾಸ್ ಸಲೀನಾಸ್
೧೪ ಜೂನ್ ೨೦೦೯

ಕೊಂಪಾದ್ರೆ,

ನಿಮ್ಮ ಕಾಗದ ಓದಿ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಎರಡು ಸಲ ಓದಿದೆ. ‘ತೋಳು ಸರಿಯಾಗಿದೆ’ ಅನ್ನುವ ಸಾಲನ್ನು ಇನ್ನೂ ಎಷ್ಟು ಸಲವೋ. ನಾನು ಹೆಂಗಸು, ಕನಸು ಗಿನಸು ಅನ್ನುತ್ತೇನೆ. ಯಂತ್ರ ಸುಳ್ಳು ಹೇಳುತ್ತದಾ? ಅದಕ್ಕೇನು ಹೊಟ್ಟೆಕಿಚ್ಚೇ, ಮಮತೆಯೇ?

ಭಾನುವಾರ ಯೆಫ್ರಿ ಫೋನು ಮಾಡಿದಾಗ ಅವನಿಗೂ ಹೇಳಿಬಿಟ್ಟೆ. ‘ನಿನ್ ಪದ್ರೀನೊ ಕಂಪ್ಯೂಟರಲ್ಲಿ ನಿನ್ ತೋಳೆಲ್ಲ ನೋಡಿದ್ದಾರಂತೆ ಕಣೋ, ಏನೂ ಆಗಿಲ್ವಂತೆ, ಗಟ್ಟಿಯಾಗಿದೆಯಂತೆ’ ಅಂದೆ. ಕಾರ್ಡಲ್ಲಿ ದುಡ್ಡು ಮುಗಿದು ಫೋನು ಕಡಿಯಿತೇನೋ ಅಂದುಕೊಂಡೆ.

‘ಪದ್ರೀನೊನೇ ಹಾಗಂದ್ರಾ?’ ಅಂದ.

‘ಅವರೇ. ಬರೆದು ಕಳಿಸಿದ್ದಾರೆ.’

‘ಸರಿ ಬಿಡಮ್ಮ ಹಾಗಾದ್ರೆ’ ಅಂದ. ಆಮೇಲೆ ಬಾಂಕಾದವನ ನಾಯಿ ಮರಿ ಹಾಕಿತಾ ಅಂತ ಕೇಳಿದ.

ಇಲ್ಲಿ ಗಾಳಿ ನಿಂತುಬಿಟ್ಟಿದೆ. ಗಾಳಿ ಇಲ್ಲದಿದ್ದರೆ ಉಪ್ಪು ಬೇಗ ಕಟ್ಟುವುದಿಲ್ಲ. ದಿನವೆಲ್ಲ ಗದ್ದೆಯ ಬದುವಿನ ಮೇಲೆ ಕೂತು ನೀರು ನೋಡುವುದೇ ಕೆಲಸ. ನೋಡುತ್ತಿದ್ದರೆ ನೀರು ನೀರಾಗಿರುವುದನ್ನು ಮರೆಯುತ್ತದೆ, ನಾವು ನಾವಾಗಿರುವುದನ್ನು. ನೀವಿದ್ದಿದ್ದರೆ ಏನಾದರೂ ಹರಟೆ ಹೊಡೆದು ಎಬ್ಬಿಸುತ್ತಿದ್ದಿರಿ.

ಪೇಪರಿನಲ್ಲಿ ಯೆಫ್ರಿಯ ಫೋಟೊ ಬಂದಿತ್ತು. ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡುತ್ತಿದ್ದಾನೆ. ಅವನು ಯಾವತ್ತೂ ಎಡಚನಲ್ಲ. ಅಮೆರಿಕದ ಶೋಕಿ ಇರಬೇಕು. ಏನಾದರೂ ಇದ್ದಿದ್ದರೆ ನಿಮ್ಮ ಯಂತ್ರ ಹೇಳುತ್ತಿತ್ತಲ್ಲ.

ತೆಲ್ಮಾ


ಲಾರೆನ್ಸ್
೨೮ ಜೂನ್ ೨೦೦೯

ಕೊಮಾದ್ರೆ,

ಕ್ಷೇಮ. ಇದು ಚಿಕ್ಕ ಕಾಗದ.

ನೀವು ಕಂಡ ಕನಸನ್ನು ನನಗೆ ಇನ್ನೊಂದು ಸಲ ಬರೆಯುತ್ತೀರಾ? ಮೊದಲಿಂದ ಕೊನೆಯವರೆಗೆ, ಏನೂ ಬಿಡದೆ. ಬಲ ಮೊಣಕೈಯೇ ಅಲ್ಲವೇ? ಹೊರಮಗ್ಗುಲಿಗೆ ಉಪ್ಪು ಹತ್ತಿತ್ತೋ, ಒಳಮಗ್ಗುಲಿಗೋ? ಅವನ ಮುಖ ಹೇಗಿತ್ತು? ಅವನು ಅಂದದ್ದು ಅಷ್ಟೇನಾ?

ಇನ್ನೊಂದು ಊರಿನ ಕ್ಯಾಮೆರಾ ಕೂಡ ಓರೆಯಾಗಿರುವ ಹಾಗಿದೆ. ಅದನ್ನೂ ನೇರ ಮಾಡಿದೆ. ಹೋದ ವಾರ ಮೂರನೇ ಊರು. ಅದನ್ನೂ ನೇರ ಮಾಡಲು ಕೂತವನು ಎದ್ದು ಕಿಟಕಿ ತೆಗೆದು ನಿಂತೆ. ಹೊರಗೆ ಹಿಮ ಇರಲಿಲ್ಲ, ಬಿಸಿಲಿತ್ತು, ಮಕ್ಕಳು ಆಡುತ್ತಿದ್ದವು. ಎಲ್ಲ ದೂರದಲ್ಲಿ, ನೀರಿನೊಳಗೆ ನಡೆಯುತ್ತಿರುವ ಹಾಗಿತ್ತು. ಯಾರೋ ನನ್ನ ಹೆಸರು ಹಿಡಿದು ಕೂಗಿದ ಹಾಗಾಯಿತು. ತಿರುಗಿದರೆ ಯಾರೂ ಇಲ್ಲ.

ಯೆಫ್ರಿಯ ತಂಡ ಜುಲೈ ೧೮ಕ್ಕೆ ಬಾಸ್ಟನ್ನಿಗೆ ಬರುತ್ತದೆ. ಅವತ್ತು ಎಸೆಯುವ ಸರದಿ ಅವನದೇ. ನಾನು ಹೋಗುತ್ತೇನೆ. ಅಷ್ಟರೊಳಗೆ ಬರೆಯಿರಿ.

ಎವಾರಿಸ್ತೊ


ಲಾಸ್ ಸಲೀನಾಸ್
೭ ಜುಲೈ ೨೦೦೯

ಕೊಂಪಾದ್ರೆ ಎವಾರಿಸ್ತೊ,

ಆ ಕನಸನ್ನು ಇನ್ನೊಂದು ಸಲ ಬರೆಯಲು ನನ್ನಿಂದಾಗದು. ಅಂಥ ಕನಸೇ ಬಿದ್ದಿಲ್ಲ. ಕ್ರಿಸ್ಪಿನ್ ತೀರಿಕೊಂಡ ಮೇಲೆ ನನಗೆ ಕನಸು ಬೀಳುವುದೇ ನಿಂತಿದೆ. ಕಣ್ಣು ಮುಚ್ಚಿದರೆ ಕತ್ತಲು, ತೆರೆದರೆ ಉಪ್ಪು.

ಏಪ್ರಿಲ್ ಕೊನೆಯಲ್ಲಿ ಯೆಫ್ರಿ ಫೋನಿನಲ್ಲಿ ಹೇಳಿದ. ‘ಅಮ್ಮ, ಮೊಣಕೈ ಒಳಗಡೆ ಬೆಂಕಿ ಇಟ್ಟ ಹಾಗಾಗುತ್ತೆ. ಎಸೆದ್ಮೇಲೆ ಬೆರಳೆಲ್ಲ ಜೋಮು ಹಿಡಿಯುತ್ತೆ.’ ಡಾಕ್ಟರಿಗೆ ಹೇಳು ಅಂದೆ. ‘ಹೇಳಿದ್ರೆ ಕೂರಿಸ್ತಾರೆ. ಕೂತರೆ ನನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ಇದು ಮೊದಲನೇ ವರ್ಷ, ಈ ಒಂದು ಬೇಸಿಗೆ ಹೇಗಾದ್ರೂ ದಾಟಬೇಕು’ ಅಂದ. ಅಪ್ಪನ ಗೋರಿಯ ಮೇಲೆ ಆಣೆ ಹಾಕಿಸಿಕೊಂಡ, ಯಾರಿಗೂ ಬಾಯಿ ಬಿಡಬಾರದು ಅಂತ.

ಇನ್ನೂ ಒಂದು ಮಾತು ಅಂದ. ಬರೆಯಬಾರದು ಅಂದುಕೊಂಡಿದ್ದೆ, ಆದರೆ ಇನ್ನು ಮುಚ್ಚಿಟ್ಟು ಏನು ಬಂತು. ‘ಪದ್ರೀನೊಗಂತೂ ಹೇಳಲೇಬೇಡ. ಅವ್ರು ಬಾಜಿ ಕಟ್ಟೋರು. ಅವ್ರಿಗೆ ತಿಳಿದ್ರೆ ಬಾಜಿ ಕಟ್ಟೋರಿಗೆಲ್ಲ ತಿಳಿದ ಹಾಗೆ. ನಮ್ಮನೆಯಿಂದ ಸುದ್ದಿ ಹೋಯ್ತು ಅಂತ ಗೊತ್ತಾದ್ರೆ ನನ್ನ ಆಟದಿಂದಲೇ ಓಡಿಸ್ತಾರೆ.’

ಆಣೆ ಮುರಿಯುವ ಹಾಗಿಲ್ಲ, ಸುಮ್ಮನೆ ಇರುವ ಹಾಗೂ ಇಲ್ಲ. ನಮ್ಮ ಊರಲ್ಲಿ ಕನಸು ಹೇಳಬೇಡ ಅಂತ ಯಾರ ಕೈಯಲ್ಲೂ ಆಣೆ ಹಾಕಿಸಿಕೊಂಡವರಿಲ್ಲ. ಅದಕ್ಕೇ ಕಂಡದ್ದನ್ನೆಲ್ಲ ಸೇರಿಸಿ ಒಂದು ಕನಸು ಕಟ್ಟಿದೆ. ಉಪ್ಪು ಅಂದರೆ ನಿಮಗೆ ಒಳ್ಳೆಯ ಶಕುನ ಅನ್ನುವುದು ತಲೆಗೇ ಹೊಳೆಯಲಿಲ್ಲ. ನಮಗೆ ಗೊತ್ತಿರುವ ಗಟ್ಟಿ ವಸ್ತು ಅದೊಂದೇ, ಅದಕ್ಕೇ ಅದನ್ನು ಹಾಕಿದೆ. ನೀವು ಬಿಡಿಸಿ ಅರ್ಥಮಾಡಿಕೊಳ್ಳುತ್ತೀರಿ ಅಂದುಕೊಂಡೆ. ‘ತೋಳು ಸರಿಯಾಗಿದೆ’ ಅಂತ ಬರೆದಿರಿ. ಅಲ್ಲಿಗೆ, ಮಗನ ಬಾಯಿಂದ ಕೇಳಿದ್ದನ್ನು ಬಿಟ್ಟು ನಿಮ್ಮ ಯಂತ್ರವನ್ನು ನಂಬಿದೆ. ಹೆತ್ತವಳಾಗಿ!

ಕೊಂಪಾದ್ರೆ, ನಿಜ ಹೇಳಿ. ನೀವು ಏನು ನೋಡಿದಿರಿ?

ಈ ಕಾಗದವನ್ನು ವಿಮಾನಕ್ಕೆ ಹೋಗುವವರ ಕೈಯಲ್ಲೇ ಕೊಡುತ್ತಿದ್ದೇನೆ. ದೇವರ ದಯೆಯಿಂದ ೧೮ರ ಒಳಗೆ ಸಿಗಲಿ.

ತೆಲ್ಮಾ


ಲಾರೆನ್ಸ್
೧೯ ಜುಲೈ ೨೦೦೯

ಕೊಮಾದ್ರೆ ತೆಲ್ಮಾ,

ನಿಮ್ಮ ಕಾಗದ ೧೬ಕ್ಕೆ ಸಿಕ್ಕಿತು.

ನಾನು ನೋಡಿದ್ದು ಇದು. ಮೇ ತಿಂಗಳಲ್ಲಿ ಒಂದು ಸಾಲಿನ ಚುಕ್ಕಿಗಳು ಆಟದಿಂದ ಆಟಕ್ಕೆ ಕೆಳಗಿಳಿಯುತ್ತಿದ್ದವು. ಹೆಸರಿಗೆ ಟೇಪ್ ಇತ್ತಲ್ಲ, ಯಾರೋ ಪಾಪ, ಇವನ ತೋಳು ಮುಗಿಯಿತು ಅಂದುಕೊಂಡೆ. ಇವನ ವಿರುದ್ಧ ಕಟ್ಟಿದರೆ ಒಳ್ಳೆ ದುಡ್ಡು ಅಂತ ಕೈ ಉಜ್ಜಿಕೊಂಡೆ ಕೂಡ. ಯಾರ ಆಟ ಅಂತ ತಿಳಿಯಲು ಟೇಪ್ ಎತ್ತಿದೆ. ಯೆಫ್ರಿ.

ಟೇಪ್ ಮತ್ತೆ ಅಂಟಿಸಿದೆ. ಕ್ಯಾಮೆರಾ ಓರೆ ಅಂದೆ. ಅಷ್ಟರಲ್ಲಿ ನಿಮ್ಮ ಕನಸು ಬಂತು, ಉಪ್ಪು ಬಂತು, ಸಾಕಾಯಿತು ನನಗೆ. ಲೆಕ್ಕ ಏನಾದರೂ ಹೇಳಲಿ, ತೆಲ್ಮಾಳ ಕನಸು ದೊಡ್ಡದು ಅಂದುಕೊಂಡೆ. ನೀವು ಅಲ್ಲಿ ನನ್ನ ಲೆಕ್ಕ ನಂಬಿ ಕೂತಿದ್ದಿರಿ, ನಾನು ಇಲ್ಲಿ ನಿಮ್ಮ ಕನಸು ನಂಬಿ ಕೂತಿದ್ದೆ. ನಿಮ್ಮದು ಕನಸಲ್ಲ, ನನ್ನದು ಲೆಕ್ಕವಲ್ಲ. ಮೇ ತಿಂಗಳಿಂದ ಅವನ ಪ್ರತಿ ಆಟಕ್ಕೂ ಅವನು ಗೆಲ್ಲುತ್ತಾನೆ ಅಂತ ಬಾಜಿ ಕಟ್ಟುತ್ತಾ ಬಂದೆ. ನಿನ್ನೆಯ ಆಟಕ್ಕೆ, ನಿಮ್ಮ ಕಾಗದ ಸಿಗುವ ಮುಂಚೆಯೇ, ಊರಿಗೆ ವಾಪಸ್ ಬರಲು ಕೂಡಿಟ್ಟದ್ದನ್ನೆಲ್ಲ ಕಟ್ಟಿದ್ದೆ. ಬಾಸ್ಟನ್ನಿನಲ್ಲಿ ಅವನನ್ನು ಯಾರೂ ನೆಚ್ಚಿರಲಿಲ್ಲ, ಹಾಗಾಗಿ ದರ ಚೆನ್ನಾಗಿತ್ತು.

ನಿನ್ನೆ ಮಧ್ಯಾಹ್ನ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಎಸೆತಗಾರರು ಮೈ ಬಿಸಿ ಮಾಡಿಕೊಳ್ಳುವ ಜಾಗದ ಕಂಬಿ ಹಿಡಿದು ನಿಂತೆ. ಹುಲ್ಲು ಎಷ್ಟು ಹಸಿರು ಅಂದರೆ ನಿಜ ಅನ್ನಿಸುವುದಿಲ್ಲ. ನಾನು ನಿಂತಿದ್ದೇನೋ ತೇಲುತ್ತಿದ್ದೇನೋ ಗೊತ್ತಾಗಲಿಲ್ಲ. ‘ಯೆಫ್ರಿ! ಸಲೀನಾಸ್!’ ಅಂತ ಕೂಗಿದೆ. ತಿರುಗಿ ನೋಡಿದ. ಮುಖ ಅರಳಿತು ಕೊಮಾದ್ರೆ, ಏಳು ವರ್ಷದವನಿದ್ದಾಗ ಅರಳುತ್ತಿದ್ದ ಹಾಗೆಯೇ. ಓಡಿ ಬಂದ. ಎಡಗೈಯಲ್ಲಿ ಟೋಪಿ ತೆಗೆದು ತಲೆ ಬಗ್ಗಿಸಿದ.

‘ಆಶೀರ್ವಾದ ಮಾಡಿ ಪದ್ರೀನೊ.’

‘ಮಾಡಲ್ಲ’ ಅಂದೆ.

ಕೇಳಿದ ಆಶೀರ್ವಾದ ಕೊಡದೆ ನಿಂತ ಪದ್ರೀನೊನನ್ನು ನಮ್ಮ ಊರಲ್ಲಿ ಯಾವತ್ತಾದರೂ ಕಂಡಿದ್ದೀರಾ? ಕುಡಿದು ಚರಂಡಿಯಲ್ಲಿ ಬಿದ್ದವನೂ ಕೈ ಎತ್ತಿ ಕೊಡುತ್ತಾನೆ. ಯೆಫ್ರಿ ತಲೆ ಬಗ್ಗಿಸಿಕೊಂಡೇ ಇದ್ದ, ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು.

‘ಬೇಗ ಕೊಡಿ ಪದ್ರೀನೊ, ಎಲ್ಲ ನೋಡ್ತಿದ್ದಾರೆ.’

‘ನೋಡ್ಲಿ. ಟೋಪಿನ ಬಲಗೈಲಿ ಹಾಕ್ಕೋ, ನೋಡೋಣ.’

ತಲೆ ಎತ್ತಿದ. ನಗು ಹೋಗಿತ್ತು. ‘ಅಮ್ಮ ಹೇಳಿದ್ಳಾ?’

‘ನಿಮ್ಮಮ್ಮ ಏನೂ ಹೇಳಿಲ್ಲ. ಕ್ಯಾಮೆರಾ ಹೇಳ್ತು. ಮೂರು ಊರಿನ ಕ್ಯಾಮೆರಾ.’

‘ನನ್ನ ಮೇಲೆ ಬಾಜಿ ಕಟ್ಟಿದ್ದೀರಾ?’

‘ಕಟ್ಟಿದ್ದೀನಿ.’

‘ಗೆಲ್ತೀನಿ ಅಂತಾನಾ, ಸೋಲ್ತೀನಿ ಅಂತಾನಾ?’

‘ಗೆಲ್ತೀಯ ಅಂತ.’

‘ಹಾಗಾದ್ರೆ ಕೊಡಿ ಆಶೀರ್ವಾದ. ಗೆದ್ದು ಬರ್ತೀನಿ.’ ಮತ್ತೆ ತಲೆ ಬಗ್ಗಿಸಿದ. ‘ಇವತ್ತೊಂದು ದಿನ ಪದ್ರೀನೊ. ನಿಮ್ಮ ಕಾಲಿಗೆ ಬೀಳ್ತೀನಿ.’

‘ಡಾಕ್ಟರ ಹತ್ರ ಹೋಗಿ ಮೊಣಕೈ ತೋರ್ಸು. ಅಲ್ಲೀತನಕ ನಿಂಗೆ ನನ್ನಿಂದ ಆಶೀರ್ವಾದ ಇಲ್ಲ. ದೇವರಿಂದ್ಲೂ ಇಲ್ಲ ಅಂತ ತಿಳ್ಕೋ.’

ಆ ಕೊನೆಯ ಮಾತು ಹೇಗೆ ಬಂತೋ. ನಾನು ಯಾರು ದೇವರ ಪರವಾಗಿ ಮಾತಾಡಲು? ಅವನು ನನ್ನನ್ನು ನೋಡಿದ ನೋಟವನ್ನು ನಿಮಗೆ ಬರೆಯಲಾರೆ. ಟೋಪಿಯನ್ನು ಎಡಗೈಯಲ್ಲೇ ಹಾಕಿಕೊಂಡು ಹೋದ. ಆಮೇಲೆ ತಿರುಗಲಿಲ್ಲ. ಒಂದಿಷ್ಟು ಚೆಂಡು ಎಸೆದ. ಎಸೆತ ನೋಡಲು ಚೆನ್ನಾಗಿಯೇ ಇತ್ತು. ಇಷ್ಟು ಚೆನ್ನಾಗಿ ಎಸೆಯುವವನನ್ನು ಜನರೆದುರಿಗೆ ಅವಮಾನ ಮಾಡಿದೆನಲ್ಲ, ನಿಜವಾಗಿಯೂ ಕ್ಯಾಮೆರಾ ಓರೆಯಿದ್ದರೆ? ತೆಲ್ಮಾ ಹೆದರಿದ್ದು ಹೆಚ್ಚಾಗಿದ್ದರೆ? ಆಮೇಲೆ ಅವನು ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತ. ಬಹಳ ಹೊತ್ತು. ತರಬೇತುದಾರ ಏನೋ ಕೇಳಿದ. ಯೆಫ್ರಿ ಚೆಂಡನ್ನು ಅವನ ಕೈಗೆ ಹಾಕಿ ಒಳಗೆ ನಡೆದ. ಸ್ವಲ್ಪ ಹೊತ್ತಿಗೆ ಧ್ವನಿವರ್ಧಕದಲ್ಲಿ ಬೇರೆ ಎಸೆತಗಾರನ ಹೆಸರು ಕೂಗಿದರು.

ನಾನು ಆಟ ನೋಡಲಿಲ್ಲ. ಮನೆಗೆ ಬಂದು ನೋಡಿದರೆ ಕಟ್ಟಿದ ಬಾಜಿ ಅಷ್ಟೂ ವಾಪಸ್ ಬಂದಿದೆ. ಬೇಸ್‌ಬಾಲಿನಲ್ಲಿ ಹೀಗೊಂದು ನಿಯಮ: ಯಾವ ಎಸೆತಗಾರನನ್ನು ನಂಬಿ ಕಟ್ಟಿದ್ದೆವೋ ಅವನು ಮೊದಲ ಚೆಂಡು ಎಸೆಯದಿದ್ದರೆ ಬಾಜಿಯೇ ರದ್ದು. ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಏನೂ ನಡೆದೇ ಇಲ್ಲ ಅನ್ನುವ ಹಾಗೆ ಪರದೆ ತಣ್ಣಗೆ ಕೂತಿತ್ತು.

ಅವನು ನನ್ನ ಫೋನು ಎತ್ತುತ್ತಿಲ್ಲ. ನಿಮಗೆ ಮಾಡಿದನಾ?

ಎವಾರಿಸ್ತೊ


ಲಾರೆನ್ಸ್
೧೦ ಆಗಸ್ಟ್ ೨೦೦೯

ಕೊಮಾದ್ರೆ,

ನಿಮ್ಮಿಂದ ಕಾಗದವಿಲ್ಲ. ಬಾಂಕಾ ಅಂಗಡಿಗೆ ಫೋನು ಮಾಡಿದರೆ, ‘ತೆಲ್ಮಾ ಉಪ್ಪಿನ ಗದ್ದೆಯಲ್ಲಿದ್ದಾಳೆ’ ಅನ್ನುತ್ತಾರೆ. ಯಾವಾಗ ಮಾಡಿದರೂ ಉಪ್ಪಿನ ಗದ್ದೆಯಲ್ಲೇ ಇದ್ದೀರಿ.

ಪತ್ರಿಕೆಯಲ್ಲಿ ಓದಿದೆ. ಮೊಣಕೈಯ ಒಳನಾರು ಹರಿದಿತ್ತಂತೆ, ಮುಂಗೈಯಿಂದ ಬೇರೆ ನಾರು ತೆಗೆದು ಅಲ್ಲಿ ಹೊಲಿದರಂತೆ. ಅವನು ಚೇತರಿಸಿಕೊಳ್ಳಲು ಊರಿಗೆ ಬಂದಿದ್ದಾನೆ ಅಂತಲೂ ಬರೆದಿದ್ದರು. ನನ್ನ ಧರ್ಮಪುತ್ರ ಎಲ್ಲಿದ್ದಾನೆ ಅಂತ ನಾನು ಪೇಪರಿನಿಂದ ತಿಳಿಯುವ ಹಾಗಾಯಿತು.

ಪರದೆಯ ಮೇಲಿನ ಟೇಪ್ ಕಿತ್ತು ಹಾಕಿದ್ದೇನೆ. ಬಾಜಿ ಬಿಟ್ಟೆ ಅಂತ ದೊಡ್ಡ ಮಾತಾಡುವುದಿಲ್ಲ, ಕೈ ಅತ್ತ ಹೋಗುತ್ತದೆ. ಆದರೆ ಪುಟ ತೆರೆದರೆ ಅವನ ಸಾಲಿಗೇ ಹೋಗುತ್ತೇನೆ. ಚುಕ್ಕಿಗಳು ಜುಲೈ ೧೩ಕ್ಕೆ ನಿಂತಿವೆ. ಅದರಾಚೆ ಬಿಳಿ. ಕೆಲಸಕ್ಕೆ ಹೊತ್ತಾಗುವವರೆಗೂ ಆ ಬಿಳಿಯನ್ನೇ ನೋಡುತ್ತಾ ಕೂರುತ್ತೇನೆ.

ಬೈದಾದರೂ ಒಂದು ಸಾಲು ಬರೆಯಿರಿ.

ಎವಾರಿಸ್ತೊ


ಲಾಸ್ ಸಲೀನಾಸ್
೩೦ ಆಗಸ್ಟ್ ೨೦೦೯

ಕೊಂಪಾದ್ರೆ ಎವಾರಿಸ್ತೊ,

ಬರೆದು ಬರೆದು ಹರಿದು ಹಾಕಿದೆ. ಬೈಗುಳ ಬರೆದರೆ ಅದರಲ್ಲಿ ಅರ್ಧ ನನಗೇ ಸೇರಬೇಕಾದದ್ದು, ಯಾವುದು ಯಾರದು ಅಂತ ಬೇರೆ ಮಾಡಲಾಗಲಿಲ್ಲ. ಅದಕ್ಕೇ ತಡವಾಯಿತು.

ಯೆಫ್ರಿ ಮನೆಯಲ್ಲಿದ್ದಾನೆ. ತೋಳಿಗೆ ಕಬ್ಬಿಣದ ತಿರುಪು ಇರುವ ಪಟ್ಟಿ ಕಟ್ಟಿದ್ದಾರೆ. ಬೆಳಿಗ್ಗೆ ಎದ್ದು ನನ್ನ ಜೊತೆ ಉಪ್ಪಿನಾಗರಕ್ಕೆ ಬರುತ್ತಾನೆ, ಬದುವಿನ ಮೇಲೆ ಕೂರುತ್ತಾನೆ, ನೀರಿನಲ್ಲಿ ಮೋಡ ಹೋಗುವುದನ್ನು ನೋಡುತ್ತಾನೆ. ಮಾತು ಕಡಿಮೆ. ಮಧ್ಯಾಹ್ನದ ಬಿಸಿಲಿಗೆ ಬಿಳಿ ಎಲ್ಲ ಕುದಿಯುವಾಗ ಅವನು ಅಲ್ಲಿ ಇದ್ದಾನೋ ಇಲ್ಲವೋ ಅನ್ನುವ ಹಾಗಾಗುತ್ತದೆ. ಒಮ್ಮೆ ಹೆಸರು ಹಿಡಿದು ಕೂಗಿ ಖಾತ್ರಿ ಮಾಡಿಕೊಳ್ಳುತ್ತೇನೆ.

ಡಾಕ್ಟರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ನಾರು ಒಂದು ಎಳೆಯಲ್ಲಿ ನಿಂತಿತ್ತಂತೆ. ಅವತ್ತು ಎಸೆದಿದ್ದರೆ ಮೂಳೆಯನ್ನೂ ಕಿತ್ತುಕೊಂಡು ಬರುತ್ತಿತ್ತಂತೆ, ಆಮೇಲೆ ಹೊಲಿಯಲು ಏನೂ ಉಳಿಯುತ್ತಿರಲಿಲ್ಲ. ಈಗ ಹೊಲಿದಿದ್ದಾರೆ. ಮತ್ತೆ ಎಸೆಯುತ್ತಾನಾ ಅಂದರೆ, ಎಸೆಯಬಹುದು, ಎಸೆಯದೆಯೂ ಇರಬಹುದು. ಬರುವ ಬೇಸಿಗೆ ಕಳೆಯುವವರೆಗೆ ಯಾರೂ ಹೇಳುವ ಹಾಗಿಲ್ಲ.

ಕನಸಿನ ವಿಷಯ ಅವನಿಗೆ ಹೇಳಿದೆ. ಆಣೆ ಉಳಿಸಿಕೊಂಡೇ ಹೇಗೆ ಹೇಳಿದೆ, ಕೊನೆಗೆ ಹೇಗೆ ಮುರಿದೆ ಅ‌ನ್ನುವುದನ್ನೂ. ಒಂದು ದಿನ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ. ಮರುದಿನ ತಟ್ಟೆಯ ಮುಂದೆ ಕೂತು, ಬಾಳೆಕಾಯಿ ಹಿಸುಕಿದ ಮಂಗೂವನ್ನು ಎಡಗೈಯಲ್ಲಿ ಅರ್ಧ ಬಾಯಿಗೆ ಅರ್ಧ ಮಡಿಲಿಗೆ ಹಾಕಿಕೊಳ್ಳುತ್ತಾ ಶುರುಮಾಡಿದ.

‘ಜೂನ್ ತಿಂಗಳಲ್ಲಿ ನಾನೇ ಡಾಕ್ಟರಿಗೆ ಹೇಳೋನಿದ್ದೆ ಅಮ್ಮ. ತಡೆಯೋಕೆ ಆಗ್ತಿರ್ಲಿಲ್ಲ. ಸೋಮವಾರ ಹೇಳೋಣ ಅಂತ ಇದ್ದೆ. ಭಾನುವಾರ ನೀನು, ಪದ್ರೀನೊ ನೋಡಿದ್ದಾರೆ ಏನೂ ಆಗಿಲ್ವಂತೆ ಅಂದೆ. ಅವ್ರು ಅಪ್ಪನ ಚೆಂಡು ಹಿಡಿದೋರು, ಅವ್ರಿಗೆ ಗೊತ್ತಿರುತ್ತೆ, ನಂದೇ ಹೆದರಿಕೆ ಅಂದ್ಕೊಂಡೆ.’

ನಾನು ಲೋಟ ಕೆಳಗಿಟ್ಟೆ ಕೊಂಪಾದ್ರೆ. ಅಂದರೆ ಅವನೂ ನಿಮ್ಮನ್ನು ನಂಬಿದ್ದ. ತನ್ನ ಮೈಯೊಳಗಿನ ನೋವಿಗಿಂತ ಹೆಚ್ಚಾಗಿ. ಇದನ್ನು ನಿಮಗೆ ಬರೆಯದೆ ಬಿಡಬಹುದಿತ್ತು. ಆದರೆ ನಾವಿಬ್ಬರೂ ಈ ವರ್ಷ ಬಿಟ್ಟು ಬರೆದದ್ದು ಸಾಕು.

ನಾನು ಅಂದೆ, ‘ಫೋನು ತಗೊಂಡು ಅವ್ರಿಗೇ ಹೇಳು ಇದನ್ನ. ಬೈದುಬಿಡು, ಹಗುರ ಆಗ್ತೀಯ.’

‘ಫೋನಲ್ಲಿ ಬೈಯಲ್ಲ’ ಅಂದ. ‘ಫೋನಲ್ಲಿ ಬೈದು ಮುಗಿಸೋವಷ್ಟು ಸಣ್ಣದಲ್ಲ ಇದು. ಕಾರ್ಡಲ್ಲಿ ದುಡ್ಡು ಮುಗಿದು ಹೋಗುತ್ತೆ, ನನ್ನ ಸಿಟ್ಟು ಹಾಗೇ ಉಳಿಯುತ್ತೆ. ಬರೋಕೆ ಹೇಳು ಅವ್ರಿಗೆ. ಎದುರಿಗೆ ಕೂರಿಸ್ಕೊಂಡು ಬೈಬೇಕು.’

‘ಬರ್ತಾರೋ ಇಲ್ವೋ.’

‘ಅಮ್ಮ’ ಅಂದ, ‘ಬರದೆ ಇದ್ರೆ ನಾನು ಯಾರಿಗೆ ಬೈಲಿ?’

ಹಾಗಂದು ಅತ್ತ. ಬಾಸ್ಟನ್ನಿನಿಂದ ಬಂದ ಮೇಲೆ ಅತ್ತದ್ದು ಅದೇ ಮೊದಲು. ನನ್ನ ಮಗ ಇಷ್ಟುದ್ದ ಬೆಳೆದಿದ್ದಾನೆ, ಒಂದು ಕೈಯಲ್ಲಿ ಎರಡು ಕಣ್ಣು ಒರೆಸಿಕೊಳ್ಳಲು ಒದ್ದಾಡುತ್ತಿದ್ದ. ಒರೆಸಲು ಹೋದೆ, ಬಿಡಲಿಲ್ಲ.

ಬನ್ನಿ ಕೊಂಪಾದ್ರೆ. ಬೈಸಿಕೊಳ್ಳಲು ಬನ್ನಿ. ಅವನು ಎಷ್ಟು ದಿನ ಬೈಯುತ್ತಾನೋ ಅಷ್ಟು ದಿನ ಇರಿ, ಮಧ್ಯೆ ಎದ್ದು ಹೋಗಬೇಡಿ, ಲೆಕ್ಕ ಗಿಕ್ಕ ಹೇಳಿ ಸಮಾಧಾನ ಮಾಡಬೇಡಿ. ಹಿಂದಿನ ಕೋಣೆಯಲ್ಲಿ ಮಂಚ ಹಾಕಿಸಿದ್ದೇನೆ. ಅವನು ಬೈದು ಮುಗಿಸಿದ ಮೇಲೆ ನನ್ನದು ಶುರು.

ತೆಲ್ಮಾ